ಒಂದೇ ಹ್ಯಾಂಡಿಕ್ಯಾಪಿನ ಇಬ್ಬರು

"ನಿಮ್ಮ ಹ್ಯಾಂಡಿಕ್ಯಾಪ್ ಇವತ್ತಿಂದ ಸೊನ್ನೆ," ಎಂದಳು ಅವಳು, ಎಲ್ಲರೆದುರಿಗೆ. "ಗುರುವಾರ ನೀವೊಬ್ಬರೇ ಆಡ್ತಿದ್ದದ್ದನ್ನ ನಾನೇ ನೋಡಿದೆ. ಒಂದು ಡಿಸ್ಕೂ ಬುಟ್ಟಿ ತಪ್ಪಲಿಲ್ಲ. ಬೇಕಂತಲೇ ಕೆಟ್ಟದಾಗಿ ಆಡ್ಕೊಂಡು ಬಂದು ಫೈನಲ್ ಹೊಡೆಯೋ ಪ್ಲಾನು, ಅಲ್ವಾ?"

ಅವನ ಕಿವಿ ಕೆಂಪಗಾಯಿತು. ಏನೋ ಹೇಳಲು ಬಾಯಿ ತೆರೆದ. ಸುತ್ತ ಇಪ್ಪತ್ತು ಮಂದಿ ನಿಂತಿದ್ದರು.

"ಸರಿ ಮೇಡಂ. ಸೊನ್ನೇನೇ ಬರ್ಕೊಳ್ಳಿ."

ಅವಳು ಕನ್ನಡಕದಂಗಡಿಯವಳು, ಕೆರೆಯ ಪಕ್ಕದ ಪಾರ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ನಡೆಯುವ, ತಟ್ಟೆಯಂಥ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಡಿಸ್ಕ್ ಗಾಲ್ಫ್‌ನ ಸ್ಕೋರು ಬರೆಯುವವಳು. ಅವನು ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ಬುಟ್ಟಿಗಳಿಗೆ ಐವತ್ತನಾಲ್ಕು ಎಸೆತ ಎಂಬುದು ಅಲ್ಲಿನ ಅಳತೆ. ಹಿಂದಿನ ಐದು ಆಟಗಳಲ್ಲಿ ಸರಾಸರಿ ಅದಕ್ಕಿಂತ ಎಷ್ಟು ಹೆಚ್ಚು ಬೇಕಾಯಿತೋ ಅದೇ ಹ್ಯಾಂಡಿಕ್ಯಾಪ್. ಅಷ್ಟನ್ನು ಅಂದಿನ ಸ್ಕೋರಿನಿಂದ ಕಳೆಯುತ್ತಿದ್ದರು. ಒಂದೇ ಹ್ಯಾಂಡಿಕ್ಯಾಪಿನವರು ಒಟ್ಟಿಗೆ ಆಡಬೇಕು. ಅವಳದು ಒಂಬತ್ತು, ಅವನದೂ ಒಂಬತ್ತು. ಹಾಗೆ ಒಂದೂವರೆ ವರ್ಷ.

ಎಷ್ಟು ಚೆಂದದ ಭಾನುವಾರಗಳವು! ಅವಳ ಡಿಸ್ಕು ಪೊದೆಗೆ ಬಿದ್ದರೆ ಅವನದೂ ಹಿಂದೆಯೇ ಬೀಳುತ್ತಿತ್ತು. ಇಬ್ಬರೂ ಬಗ್ಗಿ ಹುಡುಕುವಾಗ ಕಣ್ಣು ಕಣ್ಣು ಸೇರಿ, ಅವನು ಎಲೆ ಎಣಿಸುವವನಂತೆ ಪೊದೆಯನ್ನು ನೋಡುತ್ತಿದ್ದ.

"ಸಿಕ್ತಾ?"

"ಇಲ್ಲ."

"ನಿಮ್ಮ ಕಾಲ ಕೆಳಗೇ ಇದೆ!"

"ಹೌದಾ? ಕನ್ನಡಕ ಮಾಡಿಸ್ಬೇಕು ಮೇಡಂ."

ಅಂಥವನು ಮೋಸಗಾರನೆಂದು ತಿಳಿದಾಗ ಅವಳಿಗೆ ಬಂದದ್ದು ಸಿಟ್ಟಲ್ಲ, ಅಳು. ಅದನ್ನು ತಡೆದುಕೊಳ್ಳಲೆಂದೇ ಅಷ್ಟು ಗಟ್ಟಿಯಾಗಿ ಮಾತಾಡಿದ್ದಳು.

ಅಂದಿನ ಫೈನಲ್‌ನಲ್ಲಿ ಅವನು ಬೇರೆ ಗುಂಪಿನಲ್ಲಿ ಆಡಿ ನಲವತ್ತೆಂಟಕ್ಕೆ ಮುಗಿಸಿದ. ಏನೂ ಕಳೆಯದೆಯೂ ಅದೇ ಎಲ್ಲರಿಗಿಂತ ಕಡಿಮೆ. ಸ್ಕೋರ್ ಹಾಳೆಗೆ ಸಹಿ ಹಾಕಿ, ಗೆದ್ದ ಕಪ್‌ಗೂ ಕಾಯದೆ ಹೊರಟುಹೋದ.

ಮನೆಗೆ ಬಂದ ಮೇಲೆ ಅಕ್ಕ ಹಳೆಯ ಹಾಳೆಗಳನ್ನು ಅವಳ ಮುಂದೆ ಹರಡಿದಳು. ಅಕ್ಕನೂ ಅದೇ ಪಾರ್ಕಿನಲ್ಲಿ ಆಡುವವಳು.

"ಕಪ್ ಬೇಕಿದ್ದವನು ಹೋದ ವರ್ಷದ ಫೈನಲ್‌ನಲ್ಲಿ ನಿನ್ನ ಜೊತೆ ಹದಿಮೂರನೇ ಸ್ಥಾನಕ್ಕೆ ಯಾಕೆ ಬಂದ, ಹೇಳು? ನೋಡಿಲ್ಲಿ. ನಿಂದು ಅರವತ್ತೆರಡು, ಅವಂದು ಅರವತ್ಮೂರು. ನಿಂದು ಅರವತ್ತೈದು, ಅವಂದೂ ಅರವತ್ತೈದು. ನೀನು ಜ್ವರ ಬಂದು ಮಲಗಿದ್ದ ವಾರ, ಕೈ ನೋವು ಅಂತ ಬೆಂಚಿನ ಮೇಲೆ ಕೂತು ಎದ್ದುಹೋದ. ನೀನು ಬರದೆ ಇದ್ದ ದಿನ ಒಂದಾಟವೂ ಆಡಿಲ್ಲ ಕಣೇ."

ಅವಳು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಬರೆದವಳು ತಾನೇ. ಕಾಣದೆಹೋದವಳೂ ತಾನೇ.

ಮರುದಿನ ಮಧ್ಯಾಹ್ನ ಅವನು ಕೆಲಸ ಮಾಡುತ್ತಿದ್ದ ಕಚೇರಿಯ ಕಟ್ಟಡವನ್ನು ಹುಡುಕಿಕೊಂಡು, ಐದು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಳು. ತೆರೆದ ಲಿಫ್ಟಿನ ಬಾಗಿಲಲ್ಲಿ ಅವನು ನಟ್ಟು ಬಿಗಿಯುತ್ತಿದ್ದ. ಕೈಯೆಲ್ಲ ಗ್ರೀಸು.

"ಲಿಫ್ಟ್ ಕೆಟ್ಟಿದೆ ಮೇಡಂ."

"ಗೊತ್ತಾಯ್ತು," ಎಂದವಳು ನಗಲು ನೋಡಿ, ಆಗದೆ, "ತಪ್ಪಾಯ್ತು," ಎಂದಳು. "ಎಲ್ಲರೆದುರಿಗೆ ಹಾಗೆ ಅನ್ನಬಾರದಿತ್ತು."

ಅವನು ತಲೆ ತಗ್ಗಿಸಿದ. "ನಾನೂ ಸುಳ್ಳು ಆಡಿದೆ."

"ಹಾಗಾದ್ರೆ ನಾನು ನಿಮ್ಮನ್ನ ಸೋಲಿಸಿದ ದಿನಗಳು? ಮನೆಗೆ ಹೋಗಿ ಅಕ್ಕನ ಮುಂದೆ ಕುಣೀತಿದ್ದೆ."

"ನಿಮ್ಮ ಗುಂಪಲ್ಲಿ ಇರ್ಬೇಕಿತ್ತು. ಬೇರೆ ದಾರಿ ಗೊತ್ತಾಗ್ಲಿಲ್ಲ."

"ಹ್ಯಾಂಡಿಕ್ಯಾಪ್ ಇರೋದೇ ಚೆನ್ನಾಗಿ ಆಡೋರೂ ಆಡದೋರೂ ಸಮನಾಗಿ ಆಡ್ಲಿ ಅಂತ. ನೀವು ಸುಳ್ಳು ಆಡ್ಬೇಕಿರ್ಲಿಲ್ಲ. ಆಟ ಮುಗಿದ ಮೇಲೆ ಕೆರೆ ಸುತ್ತ ನಡೆಯೋಣ ಬನ್ನಿ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು."

"ಕೇಳಿದ್ರೆ ಏನಂತಿದ್ರಿ?"

"ಹೂಂ ಅಂತಿದ್ದೆ. ಮೊದಲನೇ ವಾರವೇ."

ಅವನ ಕೈಯ ಸ್ಪ್ಯಾನರು ಅಲ್ಲಾಡದೆ ನಿಂತಿತು.

"ಈ ಭಾನುವಾರ ಬನ್ನಿ," ಎಂದಳು. "ಎಲ್ಲರೆದುರಿಗೇ ಹೇಳ್ತೀನಿ, ತಪ್ಪು ನಂದು ಅಂತ."

"ಬೇಡ ಮೇಡಂ. ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಅದು ಇದ್ದೇ ಇದೆ. ಆದ್ರೆ ಒಂದೂವರೆ ವರ್ಷ ಜೊತೆಗೆ ನಡೆದವನು ಕಳ್ಳ ಅಂತ ನಂಬೋಕೆ ನಿಮಗೆ ಒಂದು ಗುರುವಾರ ಸಾಕಾಯ್ತು. ಅದು ಒಳಗೆ ಚುಚ್ತಾನೇ ಇದೆ. ಬಂದ್ರೆ, ಮರೆತವನ ಹಾಗೆ ನಿಮ್ಮ ಮುಂದೆ ನಟಿಸ್ತೀನಿ. ನಟನೆ ನನಗೆ ಚೆನ್ನಾಗಿ ಬರುತ್ತೆ. ಅದೇ ಭಯ."

ಅವಳು ಒಂದು ಹೆಜ್ಜೆ ಹತ್ತಿರ ಬಂದಳು. ಅವನ ಕೈ ಹಿಡಿಯಲು ಮುಂದಾದಳು. ಗ್ರೀಸು ಅಂಟೀತೆಂದು ಅವನೇ ಹಿಂದಕ್ಕೆ ಸರಿದು, ಸ್ವಿಚ್ಚು ಹಾಕಿದ. ಲಿಫ್ಟಿನೊಳಗೆ ದೀಪ ಹತ್ತಿತು.

"ಸರಿಹೋಯ್ತು. ಮೆಟ್ಟಿಲು ಇಳೀಬೇಡಿ, ಇದರಲ್ಲೇ ಹೋಗಿ."

ಅವಳು ಒಳಗೆ ನಿಂತಳು. ಬಾಗಿಲು ಕೂಡುವವರೆಗೂ ಅವನು ಅವಳಿಂದ ಕಣ್ಣು ಕೀಳಲಿಲ್ಲ, ಅವಳೂ ಕೀಳಲಿಲ್ಲ.

ಕೆಳಗೆ ಬಾಗಿಲು ತೆರೆದಾಗ ಕಾದಿದ್ದ ನಾಲ್ವರು ಒಳಗೆ ಬಂದರು. ಅವಳು ಮೂಲೆಯಲ್ಲಿ ಹಾಗೇ ನಿಂತಿದ್ದಳು, ಕೆನ್ನೆ ಒದ್ದೆ.

"ಯಾವ ಫ್ಲೋರ್ ಮೇಡಂ?" ಎಂದು ಒಬ್ಬರು ಮೆಲ್ಲಗೆ ಕೇಳಿದರು.

"ಇಲ್ಲ, ಇಲ್ಲೇ ಇಳೀಬೇಕಿತ್ತು," ಎಂದು ಅವರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದಳು.