ಅಮ್ಮನ ಜೀಪು, ಅಕ್ಕನ ಡಾಲರು

“ಡ್ರೈವರ್ ಎಲ್ಲಿ ಮೇಡಂ?”

ಬಣ್ಣದ ಟೋಪಿ ಹಾಕಿದ್ದ ಪ್ರವಾಸಿಯೊಬ್ಬ ಜೀಪಿಗೆ ಒಂದು ಸುತ್ತು ಬಂದು ಕೇಳಿದ.

“ನಾನೇ ಸರ್,” ಅಂದಳು ಅಮ್ಮ.

ಅವನು ಅಮ್ಮನ ಬಳೆ ನೋಡಿದ, ತಲೆಗೆ ಕಟ್ಟಿದ್ದ ಸ್ಕಾರ್ಫ್ ನೋಡಿದ. ಆಮೇಲೆ ಗಾಳಿಗುಡ್ಡಕ್ಕೆ ಹತ್ತುವ ಕೆಂಪು ಮಣ್ಣಿನ ದಾರಿಯನ್ನೊಮ್ಮೆ ನೋಡಿದ. “ಓ... ಇರ್ಲಿ ಮೇಡಂ, ಆಮೇಲೆ ಬರ್ತೀವಿ,” ಎಂದವನೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿ ಪಕ್ಕದ ಜೀಪು ಹತ್ತಿಸಿದ.

ಬೆಳಗ್ಗೆಯಿಂದ ಹೀಗೇ ಆಗುತ್ತಿತ್ತು. ಅಮ್ಮ ಏನೂ ಆಗದವಳಂತೆ ಬಟ್ಟೆ ತೆಗೆದುಕೊಂಡು, ಆಗಲೇ ಫಳಫಳ ಹೊಳೆಯುತ್ತಿದ್ದ ಮುಂದಿನ ಗಾಜನ್ನು ಮತ್ತೆ ಒರೆಸತೊಡಗಿದಳು.

ಹಿಂದಿನ ಸೀಟಿನಲ್ಲಿ ಟಾರ್ಪಾಲಿನ ಮರೆಗೆ ಕುಗ್ಗಿ ಕೂತಿದ್ದ ಕವನಾಗೆ ಅಳು ಬರುವಂತಾಯಿತು. ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಅಂತ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಟೋಪಿಯವನ ಮೇಲೆ ಸ್ವಲ್ಪ. ಅಕ್ಕನ ಮೇಲೆ ಜಾಸ್ತಿ.

ಅಕ್ಕ ಸೌಂದರ್ಯ ಡಾಕ್ಟರ್ ಓದಲು ಜಾರ್ಜಿಯಾ ದೇಶಕ್ಕೆ ಹೋಗಿ ಐದು ವರ್ಷವಾಗಿತ್ತು. ಇಲ್ಲಿ ಸರ್ಕಾರಿ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ಪ್ರೈವೇಟ್ ಕಾಲೇಜಿನ ಫೀಸ್ ಕೇಳಿದರೆ ಇಡೀ ತೋಟ ಮಾರಿದರೂ ಸಾಲುತ್ತಿರಲಿಲ್ಲ. “ಅಲ್ಲಿ ಕಡಿಮೆ ಆಗ್ತದೆ,” ಅಂತ ಎಲ್ಲರೂ ಹೇಳಿದ್ದರು. ಕಡಿಮೆಯೇನೋ ಹೌದು. ಆದರೆ ಅಲ್ಲಿ ಎಲ್ಲವನ್ನೂ ಡಾಲರಿನಲ್ಲಿ ಕಟ್ಟಬೇಕು. ಅಕ್ಕ ಹೋದಾಗ ಒಂದು ಡಾಲರಿಗೆ ಎಪ್ಪತ್ತೈದು ರೂಪಾಯಿಯ ಹತ್ತಿರ ಇತ್ತು, ಈಗ ಎಂಬತ್ತೆಂಟಾಗಿತ್ತು. ಅಕ್ಕ ಅದೇ ಕಾಲೇಜಿನಲ್ಲಿದ್ದಳು, ಅದೇ ಹಾಸ್ಟೆಲಿನಲ್ಲಿದ್ದಳು. ಖರ್ಚು ಮಾತ್ರ ಕೂತಲ್ಲೇ ಬೆಳೆಯುತ್ತಿತ್ತು.

ಕವನಾಳ ಕಣ್ಣಿಗೆ ಡಾಲರ್ ಅಂದರೆ ಒಬ್ಬ ನೆಂಟ. ಮನೆಗೆ ಒಂದು ದಿನವೂ ಬರುವುದಿಲ್ಲ, ಮುಖ ತೋರಿಸುವುದಿಲ್ಲ. ಆದರೆ ಡಬ್ಬದಲ್ಲಿದ್ದದ್ದನ್ನೆಲ್ಲ ತಿಂದು ಮುಗಿಸುತ್ತಾನೆ. ಅವಳ ಸೈಕಲ್ಲನ್ನು ತಿಂದ. ಸ್ಕೂಲ್ ಟ್ರಿಪ್ಪನ್ನು ತಿಂದ. ಅಪ್ಪನನ್ನೂ ಮನೆಯಿಂದ ಎಬ್ಬಿಸಿಕೊಂಡು ಹೋದ! ತಮ್ಮ ಚಿಕ್ಕ ತೋಟದ ಆದಾಯ ಸಾಲದೆ ಅಪ್ಪ ಕೊಟ್ಟಿಗೆಹಾರದ ಹತ್ತಿರ ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಕೆಲಸಕ್ಕೆ ಸೇರಿದ್ದರು. ಆಳುಗಳ ಹಾಜರಿ, ಲೆಕ್ಕ ಎಲ್ಲ ಅವರದೇ. ಊರಿಗೆ ಬರುವುದು ಭಾನುವಾರ ಮಾತ್ರ.

ಈಗ ಕೊನೆಯ ವರ್ಷದ ಫೀಸು ಬಾಕಿಯಿತ್ತು. ಅದನ್ನು ಕಟ್ಟುವವರೆಗೆ ಆಸ್ಪತ್ರೆಯ ಟ್ರೈನಿಂಗಿಗೆ ಬರುವ ಹಾಗಿಲ್ಲ ಅಂತ ಅಕ್ಕನಿಗೆ ಕಾಲೇಜಿನವರು ಹೇಳಿದ್ದರು. ಆಗ ಅಮ್ಮ ಶೆಡ್ಡಿನಲ್ಲಿ ನಿಂತಿದ್ದ ಜೀಪನ್ನು ಹೊರಗೆ ತೆಗೆದಳು. ಕಾಫಿ ಮೂಟೆ ಹೊರುವ ಜೀಪದು. ಮದುವೆಯಾಗಿ ಬಂದ ಮೇಲೆ ಅಮ್ಮ ತೋಟದ ದಾರಿಯಲ್ಲೇ ಅದನ್ನು ಓಡಿಸಲು ಕಲಿತಿದ್ದಳು. ಓಡಾಡಿ ಪರ್ಮಿಟ್ ಮಾಡಿಸಿ, ಹಳದಿ ಬೋರ್ಡ್ ಹಾಕಿಸಿ, ದಸರಾ ರಜದ ಹೊತ್ತಿಗೆ ಗಾಳಿಗುಡ್ಡದ ಬುಡದ ಜೀಪ್ ಸ್ಟ್ಯಾಂಡಿಗೆ ತಂದು ನಿಲ್ಲಿಸಿದಳು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಕವನಾಳನ್ನೂ ಕರೆತಂದಿದ್ದಳು.

“ಕವನಾ, ಕೆಳಗೆ ಇಳೀ. ಸ್ವಲ್ಪ ಗಾಳಿ ಕುಡಿ.”

“ನಾನು ಇಳಿಯಲ್ಲ.”

ಇಳಿಯದಿರಲು ಕಾರಣವಿತ್ತು. ಸ್ಟ್ಯಾಂಡಿನ ಆಚೆ ಬದಿಯಲ್ಲಿ, ಸುಟ್ಟ ಜೋಳ ತಿನ್ನುತ್ತಾ ಮೋನಿಕಾ ನಿಂತಿದ್ದಳು. ಕವನಾಳ ಕ್ಲಾಸಿನವಳು. ಬೆಂಗಳೂರಿನಿಂದ ಬಂದ ಅತ್ತೆ, ಮಾವ, ಅವರ ಮಕ್ಕಳೊಂದಿಗೆ ಗುಡ್ಡ ನೋಡಲು ಬಂದಿದ್ದಳು. “ರಜದಲ್ಲಿ ನಾನು ಚಿಕ್ಕಮಗಳೂರಿಗೆ ಅಜ್ಜಿ ಮನೆಗೆ ಹೋಗ್ತೀನಿ,” ಎಂದು ಕವನಾ ಅವಳಿಗೆ ಹೇಳಿ ಆಗಿತ್ತು.

ಅಷ್ಟರಲ್ಲಿ ಮಳೆ ಬಂತು. ಹೇಳದೆ ಕೇಳದೆ ಬಂದು, ಅರ್ಧ ಗಂಟೆ ಸುರಿದು, ಬಂದ ಹಾಗೆಯೇ ಹೋಯಿತು. ಬಿಸಿಲು ಬಂದರೂ ಗುಡ್ಡದ ದಾರಿಯಲ್ಲಿ ಕೆಂಪು ನೀರು ಹರಿಯುತ್ತಲೇ ಇತ್ತು. ಸ್ಟ್ಯಾಂಡಿನ ಹಿರಿಯ ಡ್ರೈವರ್ ಶೇಷಪ್ಪ ಹೋಗಿ ನೋಡಿ ಬಂದರು.

“ಇವತ್ತು ಮೇಲೆ ಹೋಗೋದು ಬೇಡ ಮಾರಾಯ. ಮೂರನೇ ತಿರುವಲ್ಲಿ ಬೆಣ್ಣೆ ಬಳಿದ ಹಾಗಾಗಿದೆ.”

ಪ್ರವಾಸಿಗಳೆಲ್ಲ “ಅಯ್ಯೋ” ಅಂದರು. ಮೋನಿಕಾಳ ಅತ್ತೆಯ ಸಣ್ಣ ಮಗ ಅಳುವುದಕ್ಕೇ ಶುರು ಮಾಡಿದ.

ಅಮ್ಮ ಮಾತ್ರ ಸೀಟಿನ ಅಡಿಯಿಂದ ಒಂದು ಗೋಣಿಚೀಲ ಎಳೆದಳು. ಝಣಝಣ ಸದ್ದಾಯಿತು. ಒಳಗೆ ಟೈರಿಗೆ ಸುತ್ತುವ ಕಬ್ಬಿಣದ ಚೈನುಗಳಿದ್ದವು.

“ಶಾಲಿನಿಯಕ್ಕ, ಸುಮ್ನಿರಿ,” ಅಂದರು ಶೇಷಪ್ಪ. “ನಾವೇ ಬೇಡ ಅಂತಿದ್ದೀವಿ.”

“ನಿಮ್ಮ ಚೈನ್ ಎಲ್ಲಿ ಶೇಷಪ್ಪಣ್ಣ?”

“ಮಳೆಗಾಲ ಮುಗೀತಲ್ಲ ಅಂತ ಬಿಚ್ಚಿ ಮನೇಲಿಟ್ಟಿದ್ದೀವಿ.”

“ನಮ್ಮ ತೋಟದ ದಾರಿಗೆ ಮಳೆಗಾಲ ಮುಗಿಯೋದೇ ಇಲ್ಲ,” ಎಂದು ನಕ್ಕಳು ಅಮ್ಮ. “ಮೊದಲು ನಡ್ಕೊಂಡು ಹೋಗಿ ನೋಡ್ತೀನಿ. ಆಗಲ್ಲ ಅನ್ನಿಸಿದ್ರೆ ಬಿಟ್ಟುಬಿಡ್ತೀನಿ.”

ಅಮ್ಮ ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ದಾರಿ ಹತ್ತಿದಳು. ತಿರುವಿನಲ್ಲಿ ನಿಂತು ಕಾಲಿನಿಂದಲೇ ಮಣ್ಣನ್ನು ಒತ್ತಿ ಒತ್ತಿ ನೋಡಿದಳು. ವಾಪಸ್ ಬಂದು, “ಆಗ್ತದೆ. ಆ ತಿರುವಲ್ಲಿ ಮಾತ್ರ ಜನ ಇಳಿದು ನಡೀಬೇಕು,” ಅಂದಳು.

ಚೈನು ಹಾಕುವುದು ಒಬ್ಬರ ಕೆಲಸವಲ್ಲ. ಒಬ್ಬರು ಟೈರಿನ ಮೇಲೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಕೊಂಡಿ ಬಿಗಿಯಬೇಕು. ಮನೆಯಲ್ಲಾದರೆ ಹಿಡಿಯುವುದು ಯಾವಾಗಲೂ ಕವನಾಳ ಕೆಲಸ. ಅಮ್ಮ ಈಗ ಅವಳನ್ನು ಕರೆಯಲಿಲ್ಲ. ಒಬ್ಬಳೇ ಕೆಸರಿನಲ್ಲಿ ಮಂಡಿಯೂರಿ ಎಳೆದಳು. ಚೈನು ಜಾರಿತು. ಮತ್ತೆ ಎಳೆದಳು. ಮತ್ತೆ ಜಾರಿತು. ಸುತ್ತಲೂ ನಿಂತವರು ನೋಡುತ್ತಿದ್ದರು. ಯಾರೋ ಕಿಸಕ್ಕನೆ ನಕ್ಕರು.

ಕವನಾ ಟಾರ್ಪಾಲು ಸರಿಸಿ ಧಬಕ್ಕನೆ ಕೆಳಗೆ ಹಾರಿದಳು.

“ತಡಿ ಅಮ್ಮ, ನಾನು ಹಿಡಿತೀನಿ.”

ಎರಡೂ ಕೈಯಲ್ಲಿ ಚೈನು ಹಿಡಿದು, ಕಾಲನ್ನು ಟೈರಿಗೆ ಒತ್ತಿ ಎಳೆದಳು. ಅಮ್ಮ ಟಕ್ಕನೆ ಕೊಂಡಿ ಸಿಕ್ಕಿಸಿದಳು. ಹಿಂದಿನ ಎರಡು ಚಕ್ರಕ್ಕೂ ಚೈನು ಬಿಗಿಯಾಗಿ ಕೂತಿತು. ಕವನಾ ತಲೆಯೆತ್ತಿದರೆ ಎದುರಿಗೇ ಮೋನಿಕಾ!

“ಏಯ್ ಕವನಾ! ನೀನು ಅಜ್ಜಿ ಮನೇಲಿಲ್ವಾ?”

ಕವನಾಳ ಮುಖ ಬಿಸಿಯಾಯಿತು. ಕೈಯೆಲ್ಲ ಗ್ರೀಸು, ಫ್ರಾಕೆಲ್ಲ ಕೆಸರು.

“ಇಲ್ಲ ಕಣೇ. ಸುಳ್ಳು ಹೇಳಿದ್ದೆ. ಇದು ನಮ್ಮ ಜೀಪು. ಅಮ್ಮನೇ ಓಡಿಸೋದು.”

“ನಿಮ್ಮಮ್ಮನಾ? ಈ ಗುಡ್ಡಕ್ಕಾ?” ಮೋನಿಕಾಳ ಕಣ್ಣು ಅಗಲವಾಯಿತು. “ಭಾರಿ ಉಂಟಲ್ಲೇ ಮಾರಾಯ್ತಿ!”

ಅವಳು ನಗಬಹುದು ಅಂದುಕೊಂಡಿದ್ದಳು ಕವನಾ. ಈಗ ಏನನ್ನಿಸಿತೋ, ಜೀಪಿನ ಬಂಪರ್ ಮೇಲೆ ಹತ್ತಿ ನಿಂತು, ಕಬಡ್ಡಿ ಮ್ಯಾಚಿನಲ್ಲಿ ಕೂಗುವ ದನಿಯಲ್ಲಿ ಕೂಗಿದಳು:

“ಗಾಳಿಗುಡ್ಡ! ಗಾಳಿಗುಡ್ಡ! ಚೈನ್ ಹಾಕಿದ ಜೀಪು! ಬನ್ನಿ ಬನ್ನಿ! ಮೂರನೇ ತಿರುವಲ್ಲಿ ಎಲ್ಲರೂ ಇಳಿದು ನಡೀಬೇಕು, ರಕ್ತ ಹೀರೋ ಇಂಬಳ ಹತ್ತಿದ್ರೆ ಅಳಬಾರ್ದು!”

ಜನ ಗೊಳ್ಳೆಂದು ನಕ್ಕರು. ಶೇಷಪ್ಪನೂ ನಕ್ಕರು. ಅಳುತ್ತಿದ್ದ ಸಣ್ಣ ಹುಡುಗನೇ ಮೊದಲು ಓಡಿಬಂದು ಹತ್ತಿದ. ಅವನ ಹಿಂದೆ ಮೋನಿಕಾ, ಮೋನಿಕಾಳ ಹಿಂದೆ ಅವಳ ಇಡೀ ಬಳಗ.

ಜೀಪು ಗುರ್ ಎಂದು ಹೊರಟಿತು. ಮೂರನೇ ತಿರುವಿನಲ್ಲಿ ಅಮ್ಮ ಎಲ್ಲರನ್ನೂ ಇಳಿಸಿ, ಬದಿಯ ಹುಲ್ಲಿನ ಮೇಲೆ ನಡೆದು ಹತ್ತಲು ಹೇಳಿದಳು. ಎಲ್ಲರೂ ಮೇಲೆ ನಿಂತು ನೋಡುತ್ತಿದ್ದಂತೆ ಖಾಲಿ ಜೀಪು ಕೆಸರಿಗೆ ಇಳಿಯಿತು. ಚಕ್ರ ಒಮ್ಮೆ ಪಕ್ಕಕ್ಕೆ ಜಾರಿತು. ಅಮ್ಮ ಅವಸರ ಮಾಡಲಿಲ್ಲ. ಸ್ವಲ್ಪ ಹಿಂದೆ ಬಿಟ್ಟಳು, ಸ್ಟೇರಿಂಗ್ ತಿರುಗಿಸಿದಳು, ಗೇರು ಬದಲಿಸಿದಳು. ಚೈನುಗಳು ಮಣ್ಣನ್ನು ಕರಕರ ಕಚ್ಚಿದವು. ಜೀಪು ಮುದಿ ಎಮ್ಮೆಯ ಹಾಗೆ ನಿಧಾನವಾಗಿ, ಗಟ್ಟಿಯಾಗಿ ಮೇಲೆ ಬಂತು.

“ಹೋಯ್!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಕೂಗಿದವಳು ಮೋನಿಕಾ. ಅವಳ ಮಾವ ಮಾತ್ರ ಕಾಲಿಗೆ ಹತ್ತಿದ ಇಂಬಳ ನೋಡಿ ಕುಣಿಯುತ್ತಿದ್ದರು.

ಸಂಜೆಯೊಳಗೆ ಅಮ್ಮ ಇನ್ನೂ ಎರಡು ಸಲ ಗುಡ್ಡ ಹತ್ತಿ ಇಳಿದಳು. ಮರುದಿನ ಬೆಳಗ್ಗೆ ಎಲ್ಲ ಜೀಪುಗಳಲ್ಲೂ ಚೈನುಗಳಿದ್ದವು. ಶೇಷಪ್ಪ ಬಂದು, “ಶಾಲಿನಿಯಕ್ಕ, ಕೊನೇಲಿ ಯಾಕೆ ನಿಲ್ಲಿಸ್ತೀರಿ? ನನ್ನ ಹಿಂದೆ ನಿಲ್ಲಿಸಿ. ಇನ್ಮೇಲೆ ಲೈನಲ್ಲಿ ನಿಮ್ಮದೂ ಒಂದು ನಂಬರು,” ಅಂದರು. ಲೈನು ಅಂದ ಮೇಲೆ ಸರದಿ ಬಂದ ಜೀಪನ್ನೇ ಹತ್ತಬೇಕು. ಯಾರೂ ಬಳೆ ನೋಡಿ ಹಿಂದೆ ಸರಿಯುವಂತಿರಲಿಲ್ಲ.

ರಜವೆಲ್ಲ ಜನವೋ ಜನ. ಕವನಾ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಒಂದು ಸೋಮವಾರ ಅಪ್ಪ ರಜ ಹಾಕಿ, ಕಾಫಿ ಮಾರಿದ ದುಡ್ಡು, ತಮ್ಮ ಸಂಬಳ, ಅಮ್ಮನ ಜೀಪಿನ ದುಡ್ಡು ಮೂರನ್ನೂ ಸೇರಿಸಿ ಕಳಸ ಪೇಟೆಯ ಬ್ಯಾಂಕಿಗೆ ಹೋದರು. ಬರುವಾಗ ಕೈಯಲ್ಲಿ ಜಿಲೇಬಿ ಪೊಟ್ಟಣವಿತ್ತು. “ಕೊನೇ ಕಂತು ಹೋಯ್ತು!” ಎಂದು ಅಂಗಳದಿಂದಲೇ ಕೂಗಿದರು.

ರಜದ ಕೊನೆಯ ದಿನ ಸಂಜೆ ಅಮ್ಮ, ಕವನಾ ಗುಡ್ಡದ ತುದಿಯಲ್ಲಿ ಜೀಪಿನಲ್ಲೇ ಕೂತಿದ್ದರು. ಪ್ರವಾಸಿಗಳು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಅಮ್ಮನ ಫೋನು ಕುಣಿಯಿತು. ಅಕ್ಕನ ವೀಡಿಯೋ ಕಾಲ್!

“ಅಮ್ಮಾ! ಕವನಾ! ಆಸ್ಪತ್ರೆಗೆ ಸೇರಿಸ್ಕೊಂಡ್ರು! ಇವತ್ತು ಹೆರಿಗೆ ವಾರ್ಡು. ಮಗು ಹುಟ್ಟಿದ ತಕ್ಷಣ ನನ್ನ ಕೈಗೇ ಕೊಟ್ರು ಅಮ್ಮ. ಎಂಥ ಜೋರಾಗಿ ಅತ್ತಿತು ಗೊತ್ತಾ!”

ಅಕ್ಕ ಬಿಳಿ ಕೋಟಿನಲ್ಲೇ ಇದ್ದಳು. ಹಾಸ್ಟೆಲ್ ರೂಮಿನಲ್ಲಿ ಮಂಚದ ತುದಿಗೆ ಕೂತು, ಮಾತಾಡುತ್ತಲೇ ಲೋಟದಲ್ಲಿ ಮೊಸರನ್ನ ತಿನ್ನುತ್ತಿದ್ದಳು. ಅವಳ ಹಿಂದೆ ಮಂಚದ ಮೇಲೆ ಮಂಚ, ಅದರ ಪಕ್ಕ ಇನ್ನೊಂದು ಮಂಚ. ಅಕ್ಕ ಕಳಿಸುತ್ತಿದ್ದ ಹಿಮದ ಫೋಟೋಗಳಲ್ಲಿ ಇದೆಲ್ಲ ಇರಲೇ ಇಲ್ಲ.

“ಅಕ್ಕ, ನೀನು ಯಾವಾಗ ಬರ್ತೀಯಾ?” ಎಂದಳು ಕವನಾ. ಮೂರು ವರ್ಷದಿಂದ ಅಕ್ಕ ಊರಿಗೆ ಬಂದಿರಲಿಲ್ಲ.

“ಬೇಸಿಗೇಲಿ, ಓದು ಮುಗಿಸ್ಕೊಂಡೇ. ಬಂದು ಅಲ್ಲೂ ಒಂದು ಪರೀಕ್ಷೆ ಬರೀಬೇಕು. ಮಧ್ಯ ಬಂದ್ರೆ ಟಿಕೆಟ್ಟಿಗೆ ಎಷ್ಟಾಗ್ತದೆ ಹೇಳು?” ಅಕ್ಕ ನಕ್ಕಳು. ನಕ್ಕು, ಕೋಟಿನ ತೋಳಿನಿಂದ ಬೇಗ ಕಣ್ಣೊರೆಸಿಕೊಂಡಳು.

ಕರೆ ಮುಗಿದ ಮೇಲೆ ಅಮ್ಮ ಬಹಳ ಹೊತ್ತು ಫೋನನ್ನು ನೋಡುತ್ತಾ ಕೂತಳು. ಹಾಗೆ ನೋಡುತ್ತಲೇ ಸೀಟಿಗೆ ಒರಗಿದಳು. ಸ್ವಲ್ಪ ಹೊತ್ತಿಗೆ ಅವಳಿಗೆ ನಿದ್ದೆ ಹತ್ತಿತು. ಮುಖದಲ್ಲಿ ನಗು ಹಾಗೇ ಉಳಿದಿತ್ತು.

ಪ್ರವಾಸಿಗಳು ಮಾತಾಡುತ್ತಾ ಜೀಪಿನ ಕಡೆಗೆ ಬಂದರು. “ಹೊರಡೋಣ್ವಾ?” ಎಂದರು ಒಬ್ಬರು.

ಕವನಾ ಸದ್ದಿಲ್ಲದೆ ಇಳಿದು ಅವರೆದುರು ಹೋಗಿ ನಿಂತಳು.

“ಅಂಕಲ್, ಆ ಬಂಡೆ ಹತ್ರ ನಿಂತ್ರೆ ಸೂರ್ಯ ಮುಳುಗೋದು ಭಾರಿ ಚೆಂದ ಕಾಣ್ತದೆ,” ಎಂದಳು ಮೆಲ್ಲಗೆ. “ಬನ್ನಿ, ನಾನು ತೋರಿಸ್ತೀನಿ. ಅವಸರ ಏನಿಲ್ಲ.”