ಕಿತ್ತಿಟ್ಟ ವೈರುಗಳು

ತಪ್ಪು ವೈರನ್ನು ಕಿತ್ತುಬಿಟ್ಟೆನೇ? ತೀರಿಕೊಂಡ ಅಣ್ಣನ ಪೆಟ್ರೋಲ್ ಪಿಕಪ್ ನಿಂತಲ್ಲೇ ಗಡಗಡ ನಡುಗುತ್ತಿತ್ತು. ಅವನೇ ಕಲಿಸಿದಂತೆ, ಚಾಲೂ ಇರುವ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ವೈರುಗಳನ್ನು ಒಂದೊಂದಾಗಿ ಕೀಳುತ್ತಿದ್ದೆ. ಯಾವುದನ್ನು ಕಿತ್ತಾಗ ಸದ್ದು ಬದಲಾಗುವುದಿಲ್ಲವೋ ಅಲ್ಲೇ ದೋಷ. ಆದರೆ ಒಂದೊಂದು ವೈರು ಕಿತ್ತಾಗಲೂ ನಡುಕ ಕಡಿಮೆಯಾಗುತ್ತಾ ಬಂತು. ನಾಲ್ಕನ್ನೂ ಕಿತ್ತ ಮೇಲೆ, ನಿಂತುಹೋಗಬೇಕಿದ್ದ ಎಂಜಿನ್ ನುಣ್ಣಗೆ ಓಡತೊಡಗಿತು. ಮುಟ್ಟಿ ನೋಡಿದೆ, ತಣ್ಣಗಿತ್ತು.

ಹಿಂದಿನಿಂದ ಅತ್ತಿಗೆ ಬಂದರು. “ಅಬ್ಬಾ, ಸರಿಯಾಯ್ತಲ್ಲೋ! ನಿಮ್ಮಣ್ಣನ ಕೈಗುಣ ನಿಂಗೂ ಬಂದಿದೆ ಬಿಡು. ನಾಳೆಯಿಂದ ಮಕ್ಕಳನ್ನ ಇದರಲ್ಲೇ ಸ್ಕೂಲಿಗೆ ಬಿಡ್ತೀನಿ.”

ಬೇರೆ ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ದ ಗಾಡಿ ಅದು. ಆ ಹೊಗಳಿಕೆ ನನಗೆ ಬೇಕಾಗಿತ್ತು. ವೈರುಗಳನ್ನು ಬೆನ್ನ ಹಿಂದೆ ಹಿಡಿದು, “ಸಣ್ಣ ರಿಪೇರಿ, ಅತ್ತಿಗೆ” ಎಂದು ತಲೆ ತಗ್ಗಿಸಿದೆ.

ಗಾಡಿ ಈಗಲೂ ಓಡುತ್ತಿದೆ. ಆ ನಾಲ್ಕು ವೈರುಗಳು ನನ್ನ ಟೂಲ್ ಪೆಟ್ಟಿಗೆಯಲ್ಲೇ ಇವೆ ಎಂದು ನಾನು ಅತ್ತಿಗೆಗೆ ಹೇಳಿಲ್ಲ.