ಬಾವಿ ಪೆರೇಡ್ ಮಾಡುವುದಿಲ್ಲ

“ಏಳು ಮೀಟರ್ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು...” ಕರ್ನಲ್ ಅಜ್ಜ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟು ಓದುತ್ತ ಹೋದರು. ಆಮೇಲೆ ಕನ್ನಡಕ ತೆಗೆದರು.

“ಈ ಬಾವಿ ಆರು ದಿನ, ದಿನಾ ಸರಿಯಾಗಿ ಎರಡೇ ಸೆಂಟಿಮೀಟರ್ ಇಳಿದಿದ್ಯಲ್ಲ. ಪೆರೇಡಲ್ಲಿ ಹೆಜ್ಜೆ ಹಾಕ್ದಂಗೆ.”

ಧೃತಿ ಪುಟದ ಮೇಲಿನ ತಾರೀಖು ನೋಡಿದಳು. ಅದು ಅವಳ ವಾರ.

ನಿಟ್ಟೂರಿನ ಹತ್ತಿರದ ಆ ಶಾಲೆಯ ಬಾವಿಯನ್ನು ಅಳೆಯುವುದು ಧೃತಿ ಮತ್ತು ಸುಷ್ಮಾಳ ಕೆಲಸ. ಒಂದು ವಾರ ಇವಳು, ಒಂದು ವಾರ ಅವಳು. ಬೆಳಿಗ್ಗೆ ಟೇಪು ಇಳಿಬಿಟ್ಟು, ನೀರು ಎಷ್ಟು ಕೆಳಗಿದೆ ಎಂದು ನೋಡಿ ಬರೆಯಬೇಕು. ಮಳೆಗಾಲದಲ್ಲಿ ಅಷ್ಟೊಂದು ಸುರಿಯುವ ಊರಿಗೆ ಏಪ್ರಿಲ್‌ನಲ್ಲಿ ಟ್ಯಾಂಕರ್ ಯಾಕೆ ಬರಬೇಕು ಎನ್ನುವುದು ಅಜ್ಜನ ಪ್ರಶ್ನೆ; ಅವರು ಅಳೆಸುತ್ತಿದ್ದುದು ಅದಕ್ಕೇ. ಸಾಗರದ, ತೀರ್ಥಹಳ್ಳಿಯ ಶಾಲೆಗಳ ನೋಟ್‌ಬುಕ್ ಜೊತೆ ಇದೂ ಇವತ್ತು ಯೂನಿವರ್ಸಿಟಿಗೆ ಹೋಗಬೇಕಿತ್ತು. ಮೇಲೆ ಇಬ್ಬರ ಹೆಸರನ್ನೂ ಸುಷ್ಮಾಳೇ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಳು.

ಅಜ್ಜ ಇಪ್ಪತ್ತು ವರ್ಷ ಸೈನ್ಯದಲ್ಲಿದ್ದವರು. ಅದನ್ನು ಬಿಟ್ಟು ಮತ್ತೆ ಕಾಲೇಜು ಸೇರಿ, ನೆಲದೊಳಗಿನ ನೀರಿನ ವಿಜ್ಞಾನಿಯಾಗಿ, ಕೊನೆಗೆ ಕುಲಪತಿಯೂ ಆದವರು. ಸೈನ್ಯ ಯಾಕೆ ಬಿಟ್ಟಿರಿ ಎಂದು ಮಕ್ಕಳು ಎಷ್ಟು ಸಲ ಕೇಳಿದರೂ ಮಾತು ಮರೆಸುತ್ತಿದ್ದರು. ಇವತ್ತು ಯಾರೂ ಕೇಳದೆ ಹೇಳಿದರು.

“ರಾಜಸ್ಥಾನದ ಮರಳುಗಾಡಲ್ಲಿ ಒಂದು ಬಾವಿ ಇತ್ತು. ಹೋಗಿ ನೋಡೋದು ನನ್ನ ಡ್ಯೂಟಿ. ದೂರ ಇತ್ತು, ಬಿಸಿಲು ಬೇರೆ. ಹೋದ ವಾರದ ನಂಬರನ್ನೇ ಬರ್ದು ಸಹಿ ಹಾಕ್ದೆ. ಅದನ್ನ ನಂಬ್ಕೊಂಡು ನಲವತ್ತು ಜನ ನಡ್ಕೊಂಡು ಹೋದ್ರು. ಬಾವೀಲಿ ನೀರಿರ್ಲಿಲ್ಲ.”

“ಸತ್ತೋದ್ರಾ?” ಸುಷ್ಮಾ ಮೆಲ್ಲಗೆ ಕೇಳಿದಳು.

“ಇಲ್ಲ. ವಿನೋದ್ ಅಂತ ಒಬ್ಬನ ಕಿಡ್ನಿ ಹಾಳಾಯ್ತು. ಹತ್ತೊಂಬತ್ತು ವರ್ಷ ಅವ್ನಿಗೆ. ಮನೆಗೆ ಕಳಿಸಿಬಿಟ್ರು. ಹೋಗುವಾಗ ನಂಗೇ ಸೆಲ್ಯೂಟ್ ಹೊಡ್ದ. ನೋಡ್ದೆ ಬರ್ದೋನು ನಾನೇ ಅಂತ ಅವ್ನಿಗೆ ಗೊತ್ತಿರ್ಲಿಲ್ಲ. ನಾನೂ ಹೇಳ್ಲಿಲ್ಲ.”

ಅಜ್ಜ ಕನ್ನಡಕವನ್ನು ಒರೆಸಿದರು. ಅದರಲ್ಲಿ ಧೂಳೇನೂ ಇರಲಿಲ್ಲ.

“ಆಮೇಲೆ ಕರ್ನಲ್ ಆದೆ, ಮೆಡಲ್ ಬಂತು. ಆ ನಂಬರ್ ಮಾತ್ರ ತಲೆಯಿಂದ ಹೋಗ್ಲಿಲ್ಲ. ಅದಕ್ಕೇ ಬಿಟ್ಟು ಬಂದು ನೀರಿನ ವಿಷಯನೇ ಓದ್ದೆ.”

ಧೃತಿ ಆ ಪುಟದ ಮೇಲೆ ಬೆರಳಿಟ್ಟಳು. “ನಾನು ನೋಡ್ಲಿಲ್ಲ, ಅಜ್ಜ. ಡ್ಯಾನ್ಸ್ ಪ್ರಾಕ್ಟೀಸಿಗೆ ಲೇಟಾಗ್ತಿತ್ತು. ಹಿಂದಿನ ದಿನದ್ದಕ್ಕೆ ಎರಡು ಕೂಡಿಸಿ ಬರ್ದೆ.”

“ಬೇರೆ ವಾರಗಳಲ್ಲೂ?”

“ಕೆಲವು ದಿನ. ಯಾವ್ಯಾವ್ದು ಅಂತ ನೆನಪಿಲ್ಲ.”

ಅಜ್ಜ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. “ಹಂಗಾದ್ರೆ ನಿನ್ನ ವಾರ ಯಾವ್ದೂ ಲೆಕ್ಕಕ್ಕೆ ಬರಲ್ಲ. ಅರ್ಧಕ್ಕರ್ಧ ಹೋದ್ಮೇಲೆ ಈ ಬುಕ್ ಕಳಿಸಿ ಪ್ರಯೋಜನ ಇಲ್ಲ. ಮುಂದಿನ ವರ್ಷ ನೋಡಣ.”

ಅವರು ಎರಡೇ ನೋಟ್‌ಬುಕ್ ಹಿಡಿದು ಜೀಪು ಹತ್ತಿದರು.

“ನಾನು ಜ್ವರ ಇದ್ದಾಗ್ಲೂ ಬಂದಿದ್ದೆ, ಭಾನುವಾರನೂ ಬಂದಿದ್ದೆ,” ಎಂದಳು ಸುಷ್ಮಾ. ಅಷ್ಟೇ ಹೇಳಿ ಬ್ಯಾಗು ಹೆಗಲಿಗೇರಿಸಿ ಹೊರಟಳು.

ಸೋಮವಾರ ಧೃತಿಯ ಸರದಿ. ಬೆಲ್ ಹೊಡೆಯುವ ಎಷ್ಟೋ ಮೊದಲೇ ಬಂದು ಟೇಪು ಇಳಿಬಿಟ್ಟಳು. ನೀರು ಸುಷ್ಮಾ ಶನಿವಾರ ಬರೆದದ್ದಕ್ಕಿಂತ ಮೂರು ಸೆಂಟಿಮೀಟರ್ ಮೇಲಿತ್ತು. ಮಳೆಯಿಲ್ಲದೆ ನೀರು ಹೇಗೆ ಏರಿತು? ಇನ್ನೊಂದು ಸಲ ಅಳೆದಳು. ಅಷ್ಟೇ ಬಂತು, ಅಷ್ಟನ್ನೇ ಬರೆದಳು. ತನ್ನ ವಾರ ಶುರುವಾದ ಭಾನುವಾರ ಅವಳು ಬಂದಿರಲಿಲ್ಲ; ಆ ಸಾಲು ಖಾಲಿಯಿತ್ತು. ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಕೂತು, ‘ನೋಡಿಲ್ಲ’ ಎಂದು ಬರೆದಳು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಸುಷ್ಮಾ ಬಗ್ಗಿ ನೋಟ್‌ಬುಕ್ ನೋಡಿದಳು.

“ಮೇಲೆ ಬಂದಿದ್ಯಾ?”

“ಹ್ಞೂಂ. ಎರಡು ಸಲ ನೋಡ್ದೆ.”

ಸುಷ್ಮಾ ಟೇಪು ಎತ್ತಿಕೊಂಡು ತಾನೇ ಬಾವಿಗೆ ಇಳಿಬಿಡತೊಡಗಿದಳು.

ಧೃತಿಗೆ ಅಳು ಬಂತು, ಆದರೆ ಕೋಪ ಬರಲಿಲ್ಲ. ಸುಷ್ಮಾಳಿಗೆ ಸರಿಯಾಗಿ ಕಾಣಲಿ ಎಂದು ಪಕ್ಕಕ್ಕೆ ಸರಿದು ನಿಂತಳು.